ಬಿಸಿ ತಡವರಿಸುವ ಜಾಗ

ಕಂಪ್ಯೂಟರಿಗೆ ನೀರಿನ ಕೂಲಿಂಗ್ ಹಾಕಿಸಬೇಕು ಅಂತ ಬರುವವರು ಮೊದಲು ಕೇಳುವುದು ರೇಡಿಯೇಟರ್ ಎಷ್ಟು ದೊಡ್ಡದು, ಪಂಪು ಯಾವುದು, ಫ್ಯಾನು ಎಷ್ಟು ಅಂತ. ವಾಟರ್ ಬ್ಲಾಕಿನ ವಿಷಯ ಬಂದರೂ ಮಾತು ಅದರ ಬಣ್ಣ, ಒಳಗಿನ ಲೈಟಿನ ಮೇಲೇ ನಿಲ್ಲುತ್ತದೆ. ನನಗೆ ಮಾತ್ರ ಪ್ರೊಸೆಸರಿನ ತಲೆ ಮೇಲೆ ಕೂತು, ಅದರ ಬಿಸಿಯನ್ನು ತನ್ನೊಳಗೆ ಹರಿಯುವ ನೀರಿಗೆ ದಾಟಿಸುವ ಆ ಪುಟ್ಟ ತಾಮ್ರದ ತುಂಡೇ ಇಡೀ ವ್ಯವಸ್ಥೆಯ ಜೀವ. ಕೆಲವು ವರ್ಷಗಳಿಂದ ಸುರತ್ಕಲ್‌ನ ಮನೆಯಲ್ಲಿ ಕೂತು ಅದರ ಡ್ರಾಯಿಂಗ್ ಮಾಡುತ್ತೇನೆ, ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಕೊರೆಸುತ್ತೇನೆ, ವಿಡಿಯೊ ಎಡಿಟಿಂಗೋ ರೆಂಡರಿಂಗೋ ಮಾಡುವ ಗೆಳೆಯರ ಮೆಷಿನ್‌ಗಳಿಗೆ ಕೂರಿಸುತ್ತೇನೆ. ಈ ಕೆಲಸದಲ್ಲಿ ನನಗೆ ಗಟ್ಟಿಯಾದ ನಂಬಿಕೆ ಒಂದೇ. ತಾಮ್ರದೊಳಗೆ ಬಿಸಿ ಸಲೀಸಾಗಿ ಓಡುತ್ತದೆ. ನೀರಿಗೆ ಸೇರಿದ ಮೇಲೂ ಸಲೀಸಾಗಿ ಹೋಗಿಬಿಡುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ ತಡವರಿಸುತ್ತದೆ. ಬ್ಲಾಕ್ ಡಿಸೈನ್ ಮಾಡುವವರು ತಲೆ ಕೆಡಿಸಿಕೊಳ್ಳಬೇಕಾದ್ದು ಈ ದಾಟುವ ಜಾಗಗಳ ಬಗ್ಗೆಯೇ.

ಎಷ್ಟು ಬಿಸಿ ಅಂತ ಮೊದಲು ನೋಡೋಣ. ಇಂಟೆಲ್ ಕೋರ್ ಐ9-14900ಕೆ ಪ್ರೊಸೆಸರ್ ಪೂರ್ತಿ ಜೋರಿನಲ್ಲಿ ಓಡುವಾಗ ಕಂಪನಿಯೇ ಹೇಳುವ ಲೆಕ್ಕದಲ್ಲಿ 253 ವ್ಯಾಟ್ ತಿನ್ನುತ್ತದೆ. ತಿಂದದ್ದೆಲ್ಲ ಬಿಸಿಯಾಗಿ ಹೊರಗೆ ಬರಬೇಕು, ಬೇರೆ ದಾರಿ ಇಲ್ಲ. ಆದರೆ ನನ್ನನ್ನು ಕಾಡುವುದು ಒಟ್ಟು ವ್ಯಾಟ್ ಅಲ್ಲ, ಅದು ಎಷ್ಟು ಚಿಕ್ಕ ಜಾಗದಿಂದ ಹೊರಡುತ್ತದೆ ಅನ್ನೋದು. ಎಎಂಡಿ ಕಂಪನಿಯ ರೈಜೆನ್ 7000 ಸಾಲಿನ ಪ್ರೊಸೆಸರ್‌ಗಳಲ್ಲಿ ಲೆಕ್ಕ ಮಾಡುವ ಕೋರ್‌ಗಳಿರುವ ಸಿಲಿಕಾನ್ ತುಂಡಿನ ವಿಸ್ತೀರ್ಣ ಸುಮಾರು 70 ಚದರ ಮಿ.ಮೀ. ಅಷ್ಟರಿಂದ 100 ವ್ಯಾಟ್ ಹೊರಟರೂ ಒಂದು ಚದರ ಸೆಂ.ಮೀ.ಗೆ 140 ವ್ಯಾಟ್ ಆಯಿತು. ಅಡುಗೆಮನೆಯ 2000 ವ್ಯಾಟಿನ ಇಂಡಕ್ಷನ್ ಒಲೆ ಮೇಲೆ 20 ಸೆಂ.ಮೀ. ಅಗಲದ ಪಾತ್ರೆ ಇಟ್ಟರೆ ಅದರ ತಳಕ್ಕೆ ಸಿಗುವುದು ಚದರ ಸೆಂ.ಮೀ.ಗೆ ಆರೇಳು ವ್ಯಾಟ್ ಮಾತ್ರ. ಅದರ ಇಪ್ಪತ್ತು ಪಟ್ಟು ಬಿಸಿಯನ್ನು ಹಿಡಿದು, ಚಿಪ್ಪನ್ನು 90 ಡಿಗ್ರಿ ಒಳಗೆ ಇಡಬೇಕು ಅಂತ ನಾವು ಕೂತಿದ್ದೇವೆ.

ಇದಕ್ಕೇ ಗ್ರಾಫಿಕ್ಸ್ ಕಾರ್ಡಿಗೆ ನೀರು ಹಾಕುವುದು ಸುಲಭ. ಆರ್‌ಟಿಎಕ್ಸ್ 4090 ಕಾರ್ಡ್ 450 ವ್ಯಾಟ್ ಎಳೆಯುತ್ತದೆ, ಆದರೂ ಬ್ಲಾಕ್ ಹಾಕಿದರೆ ಪ್ರೊಸೆಸರಿಗಿಂತ ತಣ್ಣಗೆ ಇರುತ್ತದೆ. ಅದರ ಚಿಪ್ಪು 600 ಚದರ ಮಿ.ಮೀ.ಗಿಂತ ಜಾಸ್ತಿ ಇದೆ, ಪ್ರೊಸೆಸರಿಗೆ ಇರುವ ಹಾಗೆ ಮೇಲೆ ಲೋಹದ ಮುಚ್ಚಳವೂ ಇಲ್ಲ. ಅಂದರೆ ಬಿಸಿ ದಾಟಬೇಕಾದ ಗಡಿ ಒಂದು ಕಡಿಮೆ.

ನೀರು ಎಷ್ಟು ಹರಿಯಬೇಕು ಅನ್ನೋದಕ್ಕೆ ಸರಳ ಲೆಕ್ಕ ಇದೆ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ, ಅದು ಒಂದು ಡಿಗ್ರಿ ಬಿಸಿಯಾಗುವಷ್ಟರಲ್ಲಿ ಸುಮಾರು 70 ವ್ಯಾಟ್ ಹೊತ್ತು ಹೋಗಿರುತ್ತದೆ. ಮೂರು ಲೀಟರ್ ಹರಿದರೆ 210 ವ್ಯಾಟ್. ಹಾಗಾಗಿ ಆ ಐ9 ಚಿಪ್ಪಿನ ಪೂರ್ತಿ ಬಿಸಿಯನ್ನು ಹೊತ್ತರೂ ಬ್ಲಾಕಿಗೆ ಒಳಹೋದ ನೀರಿಗೂ ಹೊರಬಂದ ನೀರಿಗೂ ವ್ಯತ್ಯಾಸ ಒಂದೂಕಾಲು ಡಿಗ್ರಿಯೂ ಇಲ್ಲ. ಇಷ್ಟು ತಿಳಿದರೆ ಪಂಪಿನ ಮೇಲೆ ಸುಮ್ನೆ ದುಡ್ಡು ಸುರಿಯುವುದು ನಿಲ್ಲುತ್ತದೆ. ನೀರಿಗೆ ಹೊರುವ ಶಕ್ತಿ ಬೇಕಾದಷ್ಟಿದೆ. ಹೊರೆಯನ್ನು ಅದರ ತಲೆಗೆ ಏರಿಸುವುದೇ ಕಷ್ಟದ ಕೆಲಸ.

ಏಕೆಂದರೆ ತಾಮ್ರದ ಗೋಡೆಗೆ ತಾಗಿದ ನೀರು ಹರಿಯುವುದೇ ಇಲ್ಲ. ಗೋಡೆಗೆ ಅಂಟಿಕೊಂಡ ತೆಳ್ಳನೆಯ ಪದರ ನಿಂತಲ್ಲೇ ನಿಂತಿರುತ್ತದೆ, ಅದರಾಚೆಯ ನೀರು ನಿಧಾನ, ನಡುವಿನದು ಜೋರು. ಬಿಸಿ ಆ ನಿಂತ ಪದರವನ್ನು ದಾಟಿಯೇ ಹೋಗಬೇಕು. ತಾಮ್ರ ಬಿಸಿ ಸಾಗಿಸುವುದರಲ್ಲಿ ನೀರಿಗಿಂತ 600 ಪಟ್ಟಿಗೂ ಜಾಸ್ತಿ ಚುರುಕು, ತಾಮ್ರದ ಅಂಕಿ 390ರ ಆಸುಪಾಸು, ನೀರಿನದು ಬರೀ 0.6. ಅಷ್ಟು ಚುರುಕಾಗಿ ಬಂದದ್ದು ಈ ಪದರದ ಹತ್ತಿರ ಬಂದು ನಿಂತುಬಿಡುತ್ತದೆ. ಮಾಡಬಹುದಾದ್ದು ಎರಡೇ. ಪದರವನ್ನು ತೆಳ್ಳಗೆ ಮಾಡಬೇಕು, ಇಲ್ಲವೇ ಗೋಡೆಯನ್ನು ಉದ್ದ ಮಾಡಬೇಕು. ನೀರು ಹೋಗುವ ಕಾಲುವೆಯನ್ನೇ ಕಿರಿದು ಮಾಡಿದರೆ ಎರಡೂ ಒಟ್ಟಿಗೆ ಆಗುತ್ತದೆ.

ಇದನ್ನು ಕೊನೆಯ ತನಕ ಎಳೆದು ತೋರಿಸಿದವರು ಸ್ಟ್ಯಾನ್‌ಫರ್ಡ್‌ನ ಟಕರ್‌ಮನ್ ಮತ್ತು ಪೀಸ್. 1981ರಲ್ಲಿ ಅವರು ಸಿಲಿಕಾನಿನಲ್ಲೇ 50 ಮೈಕ್ರಾನ್, ಅಂದರೆ 0.05 ಮಿ.ಮೀ. ಅಗಲದ ಕಾಲುವೆಗಳನ್ನು ಕೊರೆದು, ನೀರು ಹಾಯಿಸಿ, ಚದರ ಸೆಂ.ಮೀ.ಗೆ 790 ವ್ಯಾಟ್ ಹೊರಹಾಕಿದರು. ಚಿಪ್ಪಿನ ಬಿಸಿ ಏರಿದ್ದು 71 ಡಿಗ್ರಿ ಮಾತ್ರ. ನಲವತ್ತು ವರ್ಷದ ಹಿಂದಿನ ಆ ಪುಟ್ಟ ಬರಹ ಓದಿದಾಗ ನನಗಾದ ಖುಷಿ ಇನ್ನೂ ಇಳಿದಿಲ್ಲ. ಇವತ್ತು ಅಂಗಡಿಯಲ್ಲಿ ಸಿಗುವ ಪ್ರತಿ ಬ್ಲಾಕಿನ ಒಳಗೂ ಅದೇ ವಿಚಾರ ಇದೆ, ಅಳತೆ ಮಾತ್ರ ನಮ್ಮ ಕೈಗೆ ಎಟುಕುವಷ್ಟು ದೊಡ್ಡದಾಗಿದೆ.

ನಾನು ಈಗ ಇಟ್ಟುಕೊಂಡಿರುವ ಅಳತೆ ಹೇಳುತ್ತೇನೆ. 30 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ಜಾಗ. ಅದರಲ್ಲಿ 0.3 ಮಿ.ಮೀ. ಸಂದು, 0.2 ಮಿ.ಮೀ. ಗೋಡೆ, ಹೀಗೆ 60 ಸಂದು. ಆಳ 3 ಮಿ.ಮೀ. ಬರೀ ತಳ ಇದ್ದಿದ್ದರೆ ನೀರಿಗೆ ತಾಗುವ ತಾಮ್ರ 9 ಚದರ ಸೆಂ.ಮೀ. ಇರುತ್ತಿತ್ತು. ಈಗ ಗೋಡೆಗಳದ್ದೇ 108 ಚದರ ಸೆಂ.ಮೀ. ಆಗುತ್ತದೆ. ಹಾಗಾದರೆ ಗೋಡೆಯನ್ನು ಇನ್ನೂ ಎತ್ತರ ಮಾಡಬಾರದಾ ಅಂತ ಎಲ್ಲರೂ ಕೇಳುತ್ತಾರೆ. 3 ಇದ್ದದ್ದನ್ನು 6 ಮಿ.ಮೀ. ಮಾಡಿದರೆ ಲಾಭ ದುಪ್ಪಟ್ಟಾಗುವುದಿಲ್ಲ, ನನ್ನ ಲೆಕ್ಕದಲ್ಲಿ ಶೇಕಡಾ 15ನ್ನೂ ದಾಟುವುದಿಲ್ಲ. ಇಷ್ಟು ತೆಳ್ಳನೆಯ ಗೋಡೆಯಲ್ಲಿ ಬಿಸಿ ತುದಿ ಮುಟ್ಟುವ ಮೊದಲೇ ನೀರಿಗೆ ಇಳಿದಿರುತ್ತದೆ, ಮೇಲಿನ ಅರ್ಧಕ್ಕೆ ಕೆಲಸವೇ ಇರುವುದಿಲ್ಲ. ಸಂದನ್ನು ಇನ್ನೂ ಕಿರಿದು ಮಾಡಬಹುದು, ಆದರೆ ಬೆಲೆ ಬೇರೆ ಕಡೆ ತೆರಬೇಕು. ಒಂದು ಸಂದಿನಲ್ಲಿ ಅಷ್ಟೇ ನೀರು ಹೋಗಬೇಕು ಅಂದರೆ, ಅಗಲ ಅರ್ಧಕ್ಕೆ ಇಳಿದಾಗ ಪಂಪು ಕೊಡಬೇಕಾದ ಒತ್ತಡ ಎಂಟು ಪಟ್ಟು ಏರುತ್ತದೆ.

ನೀರು ಒಳಗೆ ಸುಳಿ ಸುಳಿಯಾಗಿ ತಿರುಗಬೇಕು, ಆಗಲೇ ತಂಪು ಅಂತ ನಂಬಿದವರು ಬಹಳ. ಇಷ್ಟು ಸಣ್ಣ ಸಂದಿನಲ್ಲಿ ನೀರು ಸುಳಿಯುವುದಿಲ್ಲ, ನೆಟ್ಟಗೆ ಶಾಂತವಾಗಿ ಹೋಗುತ್ತದೆ. ಅದರಿಂದ ನಷ್ಟವೇನೂ ಇಲ್ಲ, ಸಂದು ಕಿರಿದಾದ್ದರಿಂದಲೇ ನಿಂತ ಪದರ ತೆಳ್ಳಗಿರುತ್ತದೆ.

ಡ್ರಾಯಿಂಗಿನಲ್ಲಿ 0.2 ಮಿ.ಮೀ. ಅಂತ ಬರೆಯುವುದು ಸುಲಭ, ತಾಮ್ರದಲ್ಲಿ ತರುವುದು ಬೇರೆಯೇ ವಿದ್ಯೆ. ದೊಡ್ಡ ಕಾರ್ಖಾನೆಗಳಲ್ಲಿ ಸ್ಕೈವಿಂಗ್ ಅನ್ನುವ ಮೆಷಿನ್ ಇದೆ, ಹರಿತವಾದ ಅಲಗು ತಾಮ್ರವನ್ನು ತೆಳುವಾಗಿ ಎಬ್ಬಿಸಿ ಎಬ್ಬಿಸಿ ನಿಲ್ಲಿಸುತ್ತದೆ, ಕತ್ತರಿಸಿದ ಪುಡಿಯೇ ಬೀಳುವುದಿಲ್ಲ. ನಮ್ಮ ಕೈಗೆ ಸಿಗುವುದು ಮಿಲ್ಲಿಂಗ್ ಮೆಷಿನ್ನು ಮತ್ತು ಸ್ಲಿಟಿಂಗ್ ಸಾ ಅನ್ನುವ ತೆಳು ಚಕ್ರದ ಗರಗಸ. ಬೈಕಂಪಾಡಿಯಲ್ಲಿ ನನ್ನ ಕೆಲಸ ಮಾಡಿಕೊಡುವ ಅಣ್ಣನಿಗೆ ಮೊದಲ ಸಲ ಡ್ರಾಯಿಂಗ್ ತೋರಿಸಿದಾಗ ಕನ್ನಡಕ ಮೇಲೇರಿಸಿ ಹೇಳಿದ್ದರು: "ಮಾರಾಯ್ರೇ, ಹಿತ್ತಾಳೆ ಆದ್ರೆ ಎಷ್ಟು ಬೇಕಾದ್ರೂ ಕೊಯ್ದು ಕೊಡ್ತೇನೆ. ಇದು ತಾಮ್ರ, ಬ್ಲೇಡಿಗೇ ಮೆತ್ತಿಕೊಳ್ತದೆ. ಸ್ವಲ್ಪ ಅವಸರ ಮಾಡಿದ್ರೆ ಗೋಡೆ ಮಡಚಿ ಹೋಗ್ತದೆ."

ಮಾತು ನೂರಕ್ಕೆ ನೂರು ಸರಿ. ಶುದ್ಧ ತಾಮ್ರ ಮೆದು, ಅಂಟು. ಟೆಲ್ಲೂರಿಯಂ ಬೆರೆಸಿದ ತಾಮ್ರವನ್ನು ಕತ್ತರಿಸುವುದು ಸುಲಭ, ಬಿಸಿ ಸಾಗಿಸುವುದರಲ್ಲೂ ತೀರಾ ಹಿಂದೆ ಬೀಳುವುದಿಲ್ಲ, ಆದರೆ ಬೇಕಾದ ದಪ್ಪದ ತುಂಡು ಹುಡುಕಬೇಕು. 0.5 ಮಿ.ಮೀ. ಬ್ಲೇಡಿನಲ್ಲಿ, 0.5 ಮಿ.ಮೀ. ಗೋಡೆ ಬಿಟ್ಟು ಕೊಯ್ದರೆ ಕೆಲಸ ಸಲೀಸು, ಆದರೆ ಅದೇ ಜಾಗದಲ್ಲಿ ಬರುವುದು 30 ಸಂದು. ಬಿಸಿ ದಾಟಿಸುವ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಕೊನೆಗೆ ದಾರಿ ಕೊಟ್ಟದ್ದು ವೈರ್‌ಕಟ್. 0.25 ಮಿ.ಮೀ. ಹಿತ್ತಾಳೆ ತಂತಿ ಕಿಡಿ ಹಾರಿಸುತ್ತಾ ಹೋದ ದಾರಿಯಲ್ಲಿ ಸುಮಾರು 0.3 ಮಿ.ಮೀ. ಸಂದು ಉಳಿಯುತ್ತದೆ, ತಾಮ್ರ ಮೆದುವೋ ಗಟ್ಟಿಯೋ ಅದಕ್ಕೆ ಲೆಕ್ಕಕ್ಕಿಲ್ಲ, ಏಕೆಂದರೆ ತಂತಿ ಲೋಹವನ್ನು ಮುಟ್ಟುವುದೇ ಇಲ್ಲ. ನಿಧಾನ ಅಂದರೆ ಬಹಳ ನಿಧಾನ, ಖರ್ಚೂ ಇದೆ. ತಂತಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ನೆಟ್ಟಗೆ ಚಾಚಿರಬೇಕಾದ್ದರಿಂದ ಬ್ಲಾಕಿನ ಆಕಾರವನ್ನೇ ಬದಲಿಸಬೇಕಾಯಿತು. ಗೋಡೆಗಳ ಜಾಗ ಸುತ್ತಲಿನ ಅಂಚಿಗಿಂತ ಎತ್ತರದಲ್ಲಿ ವೇದಿಕೆಯ ಹಾಗೆ ನಿಂತಿರಬೇಕು, ಸಂದಿನ ತಳವೂ ಅಂಚಿಗಿಂತ ಮೇಲಿರಬೇಕು. ಈಗ ನನಗೆ ಆ ಆಕಾರವೇ ಇಷ್ಟ. ಮೇಲಿನ ಮುಚ್ಚಳ ಬಿಚ್ಚಿದರೆ ಎಲ್ಲ ಸಂದುಗಳೂ ಎರಡೂ ತುದಿಯಲ್ಲಿ ತೆರೆದೇ ಇರುತ್ತವೆ, ಮೆತ್ತಗಿನ ಬ್ರಶ್ಶಿನಲ್ಲಿ ಉಜ್ಜಿದರೆ ಕೊಳೆ ಹೊರಗೆ ಬರುತ್ತದೆ.

ನೀರು ಎಲ್ಲಿಂದ ಒಳಗೆ ಬರಬೇಕು ಅನ್ನೋದು ಇನ್ನೊಂದು ಚಂದದ ವಿಷಯ. ಒಂದು ಬದಿಯಿಂದ ಬಂದು ಇನ್ನೊಂದು ಬದಿಗೆ ಹೋಗಬಹುದು. ಅದರ ಬದಲು ನಡುವಿನ ಒಂದು ಉದ್ದ ಸೀಳಿನಿಂದ ಮೇಲಿನಿಂದ ಇಳಿಸಿ, ಎರಡೂ ಕಡೆಗೆ ಹಂಚಿದರೆ? ಪ್ರತಿ ಕಡೆಗೂ ಅರ್ಧ ನೀರು, ಅರ್ಧ ದೂರ. ಶಾಂತವಾಗಿ ಹರಿಯುವ ನೀರಿಗೆ ಬೇಕಾದ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ! ಮೇಲಾಗಿ ತಣ್ಣಗಿನ ನೀರು ಮೊದಲು ತಾಗುವುದು ಅತಿ ಬಿಸಿಯಾದ ನಡುಭಾಗಕ್ಕೆ, ಮತ್ತು ಸಂದಿನ ಶುರುವಿನಲ್ಲಿ ನಿಂತ ಪದರ ಇನ್ನೂ ಬೆಳೆದಿರುವುದಿಲ್ಲ. ಒಂದು ತೆಳು ಪ್ಲೇಟಿನಲ್ಲಿ ಒಂದು ಸೀಳು, ಅಷ್ಟರಲ್ಲಿ ಇಷ್ಟೆಲ್ಲ ಸಿಗುತ್ತದೆ. ಇಂಥ ಕಡೆ ಡಿಸೈನ್ ಅನ್ನೋದಕ್ಕೆ ಅರ್ಥ ಇದೆ ಅನಿಸುತ್ತದೆ.

ಆದರೆ ನಡುಭಾಗವೇ ಅತಿ ಬಿಸಿ ಅನ್ನೋದು ಎಲ್ಲ ಚಿಪ್ಪಿಗೂ ಹೊಂದುವುದಿಲ್ಲ. ಈಗಿನ ರೈಜೆನ್‌ಗಳಲ್ಲಿ ಕೋರ್‌ಗಳ ತುಂಡುಗಳು ಮುಚ್ಚಳದ ಕೆಳಗೆ ಒಂದು ಬದಿಗೆ ಸರಿದು ಕೂತಿವೆ. ಬ್ಲಾಕಿನ ನಡು ಮತ್ತು ಬಿಸಿಯ ನಡು ಬೇರೆ ಬೇರೆ. ಕೆಲವು ಮಿ.ಮೀ. ಸರಿಸಿ ಕೂರಿಸಿದರೂ ಒಂದೆರಡು ಡಿಗ್ರಿ ಕಾಣುತ್ತದೆ.

ಇನ್ನು ತಳ. ಬ್ಲಾಕಿನ ತಳಕ್ಕೂ ಪ್ರೊಸೆಸರಿನ ಮುಚ್ಚಳಕ್ಕೂ ನಡುವೆ ಬಿಸಿ ದಾಟಲಿ ಅಂತ ಸವರುವ ಪೇಸ್ಟ್ ಇರುತ್ತದಲ್ವಾ, ಬಿಸಿ ತಡವರಿಸುವ ದೊಡ್ಡ ಜಾಗ ಅದು. ಜನ ಪೇಸ್ಟಿನ ಬ್ರಾಂಡಿನ ಬಗ್ಗೆ ಗಂಟೆಗಟ್ಟಲೆ ಜಗಳ ಆಡುತ್ತಾರೆ, ಅದರ ದಪ್ಪದ ಬಗ್ಗೆ ಮಾತೇ ಇಲ್ಲ. ಸಾಧಾರಣ ಪೇಸ್ಟಿನ ಬಿಸಿ ಸಾಗಿಸುವ ಅಂಕಿ 5 ಅಂತ ಹಿಡಿಯಿರಿ, ಜಾಗ 10 ಚದರ ಸೆಂ.ಮೀ., ಬಿಸಿ 200 ವ್ಯಾಟ್. ದಪ್ಪ 0.05 ಮಿ.ಮೀ. ಇದ್ದರೆ ನಷ್ಟ 2 ಡಿಗ್ರಿ. 0.2 ಮಿ.ಮೀ. ಆದರೆ 8 ಡಿಗ್ರಿ. ನಿಜವಾದ ನಷ್ಟ ಇನ್ನೂ ಜಾಸ್ತಿ, ಬಿಸಿ ಇಡೀ ಮುಚ್ಚಳಕ್ಕೆ ಸಮನಾಗಿ ಹರಡಿರುವುದಿಲ್ಲ. ಒಳಗಿನ ಗೋಡೆಗಳನ್ನು ಅಷ್ಟು ಕಷ್ಟಪಟ್ಟು ಕೊಯ್ದು ಗಳಿಸಿದ ಡಿಗ್ರಿಗಳು ತಳ ಸಮ ಇಲ್ಲದಿದ್ದರೆ ಇಲ್ಲೇ ಹೋಗಿಬಿಡುತ್ತವೆ.

ಅದಕ್ಕೇ ನಾನು ತಳಕ್ಕೆ ಕೊಡುವ ಸಮಯ ಬೇರೆ ಯಾವುದಕ್ಕೂ ಕೊಡುವುದಿಲ್ಲ. ಸರ್ಫೇಸ್ ಪ್ಲೇಟ್ ಅನ್ನುವ ಪೂರ್ತಿ ಸಮತಟ್ಟಾದ ಹಲಗೆಗೆ ತೆಳ್ಳಗೆ ನೀಲಿ ಬಣ್ಣ ಸವರಿ, ತಾಮ್ರವನ್ನು ಅದರ ಮೇಲೆ ಆಡಿಸಿ ಎತ್ತಿ ನೋಡಿದರೆ ಎಲ್ಲಿ ಉಬ್ಬು ಇದೆಯೋ ಅಲ್ಲಿ ನೀಲಿ ಹತ್ತಿರುತ್ತದೆ. ಆಮೇಲೆ ದಪ್ಪ ಗಾಜಿನ ಮೇಲೆ ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್ ಅಂಟಿಸಿ, 400, 800, 1200 ಅಂತ ಏರಿಸುತ್ತಾ, ಪ್ರತಿ ಸಲ ಕಾಲು ಸುತ್ತು ತಿರುಗಿಸಿ ಉಜ್ಜುವುದು. ಕೈ ಒಂದೇ ಕಡೆ ಭಾರ ಬಿಟ್ಟರೆ ತಳ ವಾಲುತ್ತದೆ. ಕನ್ನಡಿಯ ಹೊಳಪು ಬೇಕಿಲ್ಲ, ಸಮ ಇದ್ದರೆ ಸಾಕು. ಒಳ್ಳೆ ಬ್ಲಾಕ್ ಮಾಡುವ ಕೆಲವರು ತಳವನ್ನು ಬೇಕೆಂದೇ ನಡುವಿನಲ್ಲಿ ಕೂದಲೆಳೆಯಷ್ಟು ಉಬ್ಬಿಸುತ್ತಾರೆ, ಸ್ಕ್ರೂ ಬಿಗಿದಾಗ ನಡುವೆ ಒತ್ತಡ ಜಾಸ್ತಿ ಬೀಳಲಿ ಅಂತ. ಎಲ್ಲ ಚಿಪ್ಪಿಗೂ ಒಂದೇ ಉಬ್ಬು ಹೊಂದುವುದಿಲ್ಲವಾದ್ದರಿಂದ ನಾನು ಸಮ ತಳದಲ್ಲೇ ನಿಂತಿದ್ದೇನೆ.

ಬ್ಲಾಕಿನಿಂದ ನೀರು ಸೋರದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. 2 ಮಿ.ಮೀ. ದಪ್ಪದ ರಿಂಗಿಗೆ ಅದು ಕೂರುವ ತೋಡಿನ ಆಳ 1.5 ಮಿ.ಮೀ. ಇಡುತ್ತೇನೆ, ಅಂದರೆ ಕಾಲು ಭಾಗ ಅಮುಕುತ್ತದೆ. ಅಗಲ 2.7. ರಬ್ಬರನ್ನು ಅಮುಕಿದರೆ ಅದು ಚಿಕ್ಕದಾಗುವುದಿಲ್ಲ, ಆಕಾರ ಮಾತ್ರ ಬದಲಾಗುತ್ತದೆ, ಆದ್ದರಿಂದ ಪಕ್ಕಕ್ಕೆ ಹರಡಲು ಜಾಗ ಇರಲೇಬೇಕು. ಜಾಗ ಕೊಡದೆ ಬಿಗಿದರೆ ಮುಚ್ಚಳವೇ ಬಾಗುತ್ತದೆ. ಬ್ಲಾಕಿನ ಮುಚ್ಚಳಕ್ಕೆ ನನ್ನ ಆಯ್ಕೆ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಅಕ್ರಿಲಿಕ್ ಚಂದ ಹೌದು, ಒಳಗೆ ನೀರು ಓಡುವುದು ಕಾಣುತ್ತದೆ, ಆದರೆ ಸ್ಪಿರಿಟ್ ಹಾಕಿ ಒರೆಸಿದರೆ ತೂತಿನ ಸುತ್ತ ಕೂದಲಿನಂಥ ಬಿರುಕು ಬರುತ್ತದೆ, ಫಿಟ್ಟಿಂಗ್ ಸ್ವಲ್ಪ ಜಾಸ್ತಿ ಬಿಗಿದರೂ ಅಷ್ಟೇ.

ಎರಡು ಲೋಹ ಸೇರುವ ಜಾಗದ ಪಾಠ ಕಲಿಯಬೇಕಾದರೆ ಮಲ್ಪೆಗೆ ಹೋಗಬೇಕು. ಅಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವರಿಗೆ ಈ ವಿದ್ಯೆ ಕರತಲಾಮಲಕ. ದೊಡ್ಡ ಬೋಟಿನ ಇಂಜಿನ್ನಿನಲ್ಲಿ ಒಂದು ಕಡೆ ಸಿಹಿನೀರು ಸುತ್ತುತ್ತದೆ, ಇನ್ನೊಂದು ಕಡೆ ಸಮುದ್ರದ ನೀರು, ನಡುವೆ ಬಿಸಿ ದಾಟಿಸುವ ಕೊಳವೆಗಳು. ನಮ್ಮ ಕೆಲಸವೇ, ಸ್ವಲ್ಪ ದೊಡ್ಡದು ಅಷ್ಟೆ. ಉಪ್ಪುನೀರು ತಿನ್ನದಿರಲಿ ಅಂತ ಕೊಳವೆಗೆ ತಾಮ್ರ-ನಿಕ್ಕಲ್ ಬೆರಕೆ ಲೋಹ ಬಳಸುತ್ತಾರೆ. ಕಬ್ಬಿಣದ ಒಡಲಿಗೆ ಸತುವಿನ ತುಂಡು ಜೋಡಿಸುತ್ತಾರೆ, ತಿನ್ನುವುದಾದರೆ ಮೊದಲು ಅದನ್ನು ತಿನ್ನಲಿ ಅಂತ. "ಜಿಂಕ್ ಕರಗಿದ್ರೆ ಬೋಟ್ ಉಳೀತು ಅಂತ ಲೆಕ್ಕ" ಅಂತ ಬೋಟು ನಿಲ್ಲುವ ಧಕ್ಕೆಯಲ್ಲಿ ಒಬ್ಬರು ಹೇಳಿದ ಮಾತಿನಲ್ಲಿ ಇಡೀ ವಿಷಯ ಇದೆ. ಕಂಪ್ಯೂಟರಿನಲ್ಲಿ ತಾಮ್ರದ ಬ್ಲಾಕಿನ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿದರೆ ಸತುವಿನ ಪಾತ್ರ ಆ ಅಲ್ಯೂಮಿನಿಯಂಗೆ ಬರುತ್ತದೆ. ಬಿಳಿ ಪುಡಿಯಾಗಿ ಕರಗಿ ಬಂದು 0.3 ಮಿ.ಮೀ. ಸಂದುಗಳಲ್ಲಿ ಕೂರುತ್ತದೆ. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಹೀಗೆ ಬೆರಕೆ ಮಾಡಬೇಡಿ ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ. ನೀರೂ ಅಷ್ಟೆ, ಡಿಸ್ಟಿಲ್ಡ್ ನೀರು ಮತ್ತು ತುಕ್ಕು ತಡೆಯುವ ದ್ರವ. ಬಾವಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಬೇಡ. ಮೆತ್ತನೆಯ ಪಿವಿಸಿ ಪೈಪಿನಿಂದಲೂ ಕಾಲಕ್ರಮೇಣ ಜಿಡ್ಡು ಬಿಟ್ಟು ಸಂದು ಕಟ್ಟುತ್ತದೆ, ಕಪ್ಪು ಇಪಿಡಿಎಂ ರಬ್ಬರ್ ಪೈಪು ನೋಡಲು ಸಪ್ಪೆಯಾದರೂ ಆ ತೊಂದರೆ ಕೊಡುವುದಿಲ್ಲ.

ನಮ್ಮ ಊರಿಗೇ ಸೇರಿದ ಗಡಿ ಇನ್ನೊಂದಿದೆ. ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರಿನ ಸೆಕೆಯಲ್ಲಿ ಕೂತವರಿಗೆ ಕರೆಂಟಿನಿಂದ ತಣಿಸುವ ಪೆಲ್ಟಿಯರೋ ಚಿಲ್ಲರೋ ಹಾಕಿ ನೀರನ್ನು ಐಸಿನಷ್ಟು ತಣ್ಣಗೆ ಮಾಡೋಣ ಅನಿಸುವುದು ಸಹಜ. ಒಂದು ಲೆಕ್ಕ ನೋಡಿ. ಕೋಣೆ 30 ಡಿಗ್ರಿ, ಗಾಳಿಯ ತೇವ ಶೇಕಡಾ 85 ಇದ್ದರೆ, 27 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕಟ್ಟುತ್ತದೆ. ಬರೀ ಮೂರು ಡಿಗ್ರಿ ಅಂತರ! ಮಳೆಗಾಲದ ಆಟಿ ತಿಂಗಳಲ್ಲಿ ಬೀರುವಿನ ಬಟ್ಟೆಗೂ ಬೂಸ್ಟು ಹಿಡಿಯುವ ಊರು ಇದು, ಮದರ್‌ಬೋರ್ಡಿನ ಮೇಲೆ ಹನಿ ಕಟ್ಟಿದರೆ ಬಚಾವಾಗುವ ಮಾತೇ ಇಲ್ಲ. ಇಲ್ಲಿ ನೀರು ಕೋಣೆಯ ಗಾಳಿಗಿಂತ ಸ್ವಲ್ಪ ಬಿಸಿಯಾಗಿಯೇ ಇರಬೇಕು. ಹಾಗಾದರೆ ಉಳಿದ ಆಟವೆಲ್ಲ ನೀರಿಗೂ ಚಿಪ್ಪಿಗೂ ನಡುವಿನ ಅಂತರದ್ದು. ಅದು ಬ್ಲಾಕಿನ ಕೆಲಸ.

ಈ ದಾರಿಯಲ್ಲಿ ನಾವು ಒಂಟಿ ಅಲ್ಲ. 2010ರಲ್ಲಿ ಐಬಿಎಂ ಮತ್ತು ಜ್ಯೂರಿಕ್‌ನ ಇಟಿಎಚ್ ಸೇರಿ ಮಾಡಿದ ಅಕ್ವಾಸಾರ್ ಅನ್ನುವ ಸೂಪರ್ ಕಂಪ್ಯೂಟರಿಗೆ 60 ಡಿಗ್ರಿಯ ತನಕ ಬಿಸಿ ಇರುವ ನೀರನ್ನೇ ಹಾಯಿಸಿದರು, ಹೊರಬಂದ ಬಿಸಿಯನ್ನು ಕಟ್ಟಡ ಬೆಚ್ಚಗಿಡಲು ಬಳಸಿದರು. 2012ರಲ್ಲಿ ಮ್ಯೂನಿಕ್ ಬಳಿಯ ಸೂಪರ್‌ಎಂಯುಸಿ ಕೂಡ 40 ಡಿಗ್ರಿ ದಾಟಿದ ನೀರಿನಲ್ಲೇ ಓಡಿತು. ಬ್ಲಾಕ್ ಒಳ್ಳೆಯದಿದ್ದರೆ ಬಿಸಿನೀರೂ ತಂಪು ಮಾಡುತ್ತದೆ. ಕಟ್ಟಡ ಬೆಚ್ಚಗಿಡುವ ಅಗತ್ಯ ನಮಗಿಲ್ಲ, ಆದರೆ ನೀರನ್ನು ಕೃತಕವಾಗಿ ತಣಿಸುವ ಕರೆಂಟು ಉಳಿಯುತ್ತದಲ್ಲ, ಅದು ನಮ್ಮಂಥ ಊರಿಗೆ ಅವರಿಗಿಂತ ಜಾಸ್ತಿ ಮುಖ್ಯ. ನಮ್ಮ ಕರಾವಳಿಯ ಹೊರಗಾಳಿ ಕಡುಬೇಸಿಗೆಯಲ್ಲೂ 40ನ್ನು ಮುಟ್ಟುವುದು ಅಪರೂಪ. ನೀರು 45ರಲ್ಲಿ ಓಡಬಹುದಾದರೆ ಬರೀ ರೇಡಿಯೇಟರ್, ಫ್ಯಾನು ಸಾಕು. ಸುರತ್ಕಲ್, ಮಣಿಪಾಲದ ಕಾಲೇಜು ಹುಡುಗರು ಇದನ್ನು ಪ್ರಾಜೆಕ್ಟಿಗೆ ಎತ್ತಿಕೊಂಡರೆ ನನ್ನಲ್ಲಿರುವ ಡ್ರಾಯಿಂಗ್ ಎಲ್ಲ ಕೊಡುತ್ತೇನೆ.

ಸದ್ಯ ಮೇಜಿನ ಮೇಲಿರುವುದು ರೈಜೆನ್‌ಗೆ ಅಂತಲೇ ಮಾಡುತ್ತಿರುವ ಬ್ಲಾಕ್. ಸೀಳನ್ನು ನಡುವಿನಿಂದ ಸರಿಸಿ ಕೋರ್‌ಗಳ ನೆತ್ತಿಯ ಮೇಲೆ ತಂದರೆ ಒಂದು ಕಡೆಯ ಕಾಲುವೆ ಗಿಡ್ಡ, ಇನ್ನೊಂದು ಕಡೆಯದು ಉದ್ದ ಆಗುತ್ತದೆ, ನೀರು ಗಿಡ್ಡ ಕಡೆಗೇ ಜಾಸ್ತಿ ನುಗ್ಗುತ್ತದೆ. ಅದನ್ನು ಸರಿದೂಗಿಸಲು ಗಿಡ್ಡ ಕಡೆಯ ಹೊರದಾರಿಯನ್ನು ಸ್ವಲ್ಪ ಕಿರಿದು ಮಾಡಬೇಕೋ, ಇಲ್ಲಾ ಇಡೀ ಬ್ಲಾಕನ್ನೇ ಪಕ್ಕಕ್ಕೆ ಸರಿಸುವ ಬ್ರಾಕೆಟ್ ಮಾಡಬೇಕೋ ಅಂತ ಲೆಕ್ಕ ಹಾಕುತ್ತಿದ್ದೇನೆ. ಬ್ರಾಕೆಟ್ ಸುಲಭ, ಬೈಕಂಪಾಡಿಯ ಅಣ್ಣನೂ ಅದನ್ನೇ ಹೇಳುತ್ತಾರೆ. ಎರಡನ್ನೂ ಮಾಡಿ ಒಂದೇ ಮೆಷಿನ್‌ನಲ್ಲಿ ಕೂರಿಸಿ ಅಳೆಯುವುದು ಅಂತ ತೀರ್ಮಾನ ಮಾಡಿದ್ದೇವೆ, ತಾಮ್ರದ ತುಂಡು ಆಗಲೇ ಬಂದಿದೆ.